ಪೀಕದಾನಿ

ಮೂವತ್ತಾರು ವರ್ಷ ನನ್ನ ಕೆಲಸ ಇಷ್ಟೇ:
ಚಮಚದಿಂದ ಸೊರ್ರನೆ ಎಳೆದುಕೊಳ್ಳುವುದು,
ನಾಲಗೆಯ ಬುಡದಲ್ಲಿ ಅರೆಗಳಿಗೆ ನಿಲ್ಲಿಸುವುದು,
ಹಿತ್ತಾಳೆಯ ಪೀಕದಾನಿಗೆ ಉಗಿದು
ಚೀಟಿಯಲ್ಲಿ ಒಂದು ಅಂಕಿ ಬರೆಯುವುದು.
ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ದಿನಕ್ಕೆ ಎಂಬತ್ತು ಲೋಟ.
ಒಂದನ್ನೂ ಕುಡಿದವಳಲ್ಲ.

ಈಗ ಉಪ್ಪಳ್ಳಿಯ ಮನೆ ಮಾರಿದ ದುಡ್ಡು
ಚಪ್ಪಲಿ ಬಿಚ್ಚದ ನೆಂಟನ ಹಾಗೆ
ಬ್ಯಾಂಕಿನಲ್ಲಿ ಕೂತಿದೆ.
ಎಂ.ಜಿ. ರಸ್ತೆಯ ಮಹಡಿಯಲ್ಲಿ ಆಡಿಟರ್ ಪಾರ್ಶ್ವನಾಥಯ್ಯ
ಪೆನ್ಸಿಲ್ ಚೂಪು ಮಾಡುತ್ತ ಅಂದರು:
"ಫಿಲೊಮಿನಮ್ಮ, ಲಾಭ ಅರವತ್ತು ಲಕ್ಷ, ತೆರಿಗೆ ಹನ್ನೆರಡು.
ಬಾಂಡಿಗೆ ಹಾಕಿ, ಐದು ವರ್ಷ ನಿದ್ದೆ ಮಾಡಿ. ಬಡ್ಡಿ ಕಮ್ಮಿ.
ಇಲ್ಲಾ, ಈಗತಾನೇ ಕಣ್ಣುಬಿಟ್ಟ ಕಂಪನಿಯ ಷೇರು ತಗೊಳ್ಳಿ,
ಅದಕ್ಕೂ ಒಂದು ಕಲಮು ಇದೆ, ತೆರಿಗೆ ಮಾಫಿ.
ಅಲ್ಲೂ ಐದು ವರ್ಷ ಬೀಗ. ನಿದ್ದೆಯ ಮಾತು ನಾನು ಹೇಳಲ್ಲ."

ಮಾಫಿ.
ಮೊದಲ ಗುಟುಕಿನ ಸಿಹಿ ಇದೆ ಈ ಮಾತಿಗೆ.
ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುತ್ತದೆ ಜೀವ.
ನನ್ನ ನಾಲಗೆಗೆ ಬೇರೆ ಅಭ್ಯಾಸ:
ಬಿಸಿಯಲ್ಲಿ ಎಲ್ಲ ಕಾಫಿಯೂ ಒಳ್ಳೆಯದೇ,
ದೋಷ ಏಳುವುದು ಲೋಟ ತಣ್ಣಗಾದ ಮೇಲೆ.

ಕಲ್ಯಾಣನಗರದ ಒಂದು ಕಾರ್ ಶೆಡ್ಡಿನಲ್ಲಿ ಆ ಕಂಪನಿ.
ಇಂಪನಾ, ಶಮೀರ್, ಒಂದು ಟೇಬಲ್ ಫ್ಯಾನು,
ತಿಂಡಿ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ.
ಮೂಟೆಯ ಬಾಯಿಗೆ ಹಿಡಿದರೆ
ಒಳಗಿನ ಬೂಷ್ಟನ್ನು ಅದು ಮೂಸುತ್ತದಂತೆ.
ಅಂದರೆ ನನ್ನ ಮೂಗು.
ನನ್ನ ಮೂಗಿಗೆ ಪ್ಲಗ್ಗು ಹಾಕಿ ಮಾರಲು
ನನ್ನದೇ ದುಡ್ಡು ಬೇಕು!

ಶಮೀರ್ ಲ್ಯಾಪ್‌ಟಾಪ್ ತೆರೆದ.
ಗೆರೆಯೊಂದು ಮುಳ್ಳಯ್ಯನಗಿರಿ ಹತ್ತುತ್ತಿತ್ತು,
ಮೂರು, ಹದಿನೈದು, ತೊಂಬತ್ತು ಕೋಟಿ.
"ಇಳಿಯುವ ದಾರಿ ಎಲ್ಲಪ್ಪ?" ಅಂದೆ.
ಅವನು ಫ್ಯಾನು ನನ್ನ ಕಡೆ ತಿರುಗಿಸಿದ.

ಬ್ಯಾಗಿನಿಂದ ಮೂರು ಪೊಟ್ಟಣ ತೆಗೆದೆ.
ಒಂದು ಶುದ್ಧ ಅರೇಬಿಕಾ. ಪೆಟ್ಟಿಗೆ ಸುಮ್ಮನಿತ್ತು.
ಇನ್ನೊಂದು ನೆನೆದು ಮುಗ್ಗಿದ ರೊಬಸ್ಟಾ. ಚೀರಿತು.
ಮೂರನೆಯದಕ್ಕೂ ಸುಮ್ಮನಿತ್ತು.
"ಇದರಲ್ಲಿ ಇತ್ತಾ?" ಇಂಪನಾ ಕೇಳಿದಳು.
"ಒಂದೇ ಬೀಜ."
ಅವಳು ರಿಜಿಸ್ಟರ್ ಎಳೆದು ಇಂಕಿನಲ್ಲಿ ಬರೆದಳು:
ತಪ್ಪಿತು. ಒಂದು ಬೀಜ.
ನೆಪ ಹೇಳಲಿಲ್ಲ. ಹಾಳೆ ತಿರುಗಿಸಲಿಲ್ಲ.

ರಾತ್ರಿ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ.
ಹನ್ನೆರಡು ಉಳಿಸಲು ಅರವತ್ತನ್ನು ಪಣಕ್ಕಿಟ್ಟರೆ
ಮೂಗಿಗಿಂತ ಮೂಗುತಿ ಭಾರ.
ತೆರಿಗೆ ಉಳಿಯಿತೆಂದು ಕೆಟ್ಟ ಮಾಲು ಒಳ್ಳೆಯದಾಗುವುದಿಲ್ಲ,
ಬೆಳ್ಳಿ ಲೋಟಕ್ಕೆ ಸುರಿದರೂ ಮುಗ್ಗಲು ಮುಗ್ಗಲೇ.
ಹಾಗಂತ ಬಾಂಡೇನು ಅಮೃತವಲ್ಲ,
ಮಲಗಿದ ದುಡ್ಡು ಎರಡನೇ ಸಲ ಇಳಿಸಿದ ಡಿಕಾಕ್ಷನ್ನು,
ವರ್ಷವರ್ಷಕ್ಕೂ ತೆಳ್ಳಗೆ.
ಮತ್ತೆ ಆ ಹುಡುಗಿಯ ಇಂಕು
ಯಾವ ಕಾಲಮ್ಮಿಗೆ ಹೋಗಬೇಕು? ತಿಳಿಯದೆ ದೀಪ ಆರಿಸಿದೆ.

ಬೆಳಿಗ್ಗೆ ಹೇಳಿದೆ: ನಲವತ್ತು ಬಾಂಡಿಗೆ,
ಎಂಟು ಡಬ್ಬಿಗೆ,
ಮಿಕ್ಕ ಹನ್ನೆರಡರ ಮೇಲೆ ತೆರಿಗೆ ಕಟ್ಟಿಬಿಡಿ.
"ಕಟ್ಟಲೇಬೇಕಾ? ದಾರಿ ಇದ್ದೂ?"
ಪಾರ್ಶ್ವನಾಥಯ್ಯನಿಗೆ ತಮ್ಮ ಸ್ವಂತ ಜೇಬು ಹರಿದಷ್ಟು ಸಂಕಟ.
"ಎಂಟು ಯಾಕೆ?"
"ಹೋದರೆ ಅಳದೆ ಇರಬಲ್ಲೆ. ಒಂಬತ್ತಕ್ಕೆ ಆಗಲ್ಲ."
ಅವರು ಬರೆದುಕೊಂಡರು.

ಹೆಬ್ಬೆಟ್ಟಿನಷ್ಟು ಜಾಗ, ಪೆನ್ಸಿಲಿನ ಗುರುತು.
ಸಹಿ ಮಾಡುವಾಗ ಯಾಕೋ ಬಾಯಿ ತುಂಬ ನೀರು,
ಎಂಬತ್ತನೇ ಲೋಟದ ಹೊತ್ತಿಗೆ ಬರುತ್ತಿತ್ತಲ್ಲ, ಹಾಗೆ.
ಎಡಗೈ ತಾನಾಗಿ ಮೇಜಿನ ಪಕ್ಕಕ್ಕೆ ತಡಕಿತು.

ಅಲ್ಲಿ ಪೀಕದಾನಿ ಇರಲಿಲ್ಲ.