ಮಂಗಳವಾರದ ತೋಳು

ಮಂಗಳವಾರ ಸಂಜೆ ಐದೂವರೆಗೆ
ಅಂಗಡಿಯ ಷಟರ್ ಎಳೆದು, ಎಡಗೈಯ ಬಳೆ ತೆಗೆದಿಟ್ಟು,
ಸೋಪು ಹಚ್ಚದೆ ಬರೀ ನೀರಲ್ಲಿ ತೋಳು ತೊಳೆದು
(ಯಾವ ವಾಸನೆಯೂ ಇರಬಾರದಂತೆ, ಬೆಳ್ಳುಳ್ಳಿಯದಂತೂ ಬೇಡವಂತೆ;
ನಮ್ಮಲ್ಲಿ ಅದನ್ನು ತಿನ್ನುವುದೇ ಇಲ್ಲ)
ಕೇರ್ನ್ಸ್ ಊರಿನ ಆ ತಗಡಿನ ಮಾಡಿನ ಕಟ್ಟಡಕ್ಕೆ ಹೋಗುತ್ತೇನೆ,
ಸೊಳ್ಳೆಗಳಿಗೆ ಉಣ್ಣಿಸಲು.

ಪಂಜರಕ್ಕೊಂದು ಬಟ್ಟೆಯ ತೋಳು, ಕೈ ತೂರಿಸಲು.
ಅದರ ಹೊಲಿಗೆ ಸಡಿಲ, ಮೊದಲ ದಿನವೇ ಕಣ್ಣಿಗೆ ಬಿತ್ತು.
ಮುಂದಿನ ವಾರ ದಾರ ಒಯ್ದು ನಾನೇ ಬಿಗಿದೆ.
ಮೂವತ್ತು ವರ್ಷ ಸೂಜಿ ಹಿಡಿದವಳು,
ಇಂಥ ಸೂಜಿ ಕಂಡಿರಲಿಲ್ಲ:
ಕಣ್ಣಿಲ್ಲ, ದಾರವಿಲ್ಲ,
ಎದ್ದು ಹೋದ ಮೇಲೆ ತಿಳಿಯುತ್ತದೆ
ಯಾರೋ ಬಂದಿದ್ದರೆಂದು.

ಮೊದಲು ಯಾರೂ ಬರುವುದಿಲ್ಲ.
ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ ಎಲ್ಲರಿಗೂ ಸಂಕೋಚ.
ಆಮೇಲೆ ಒಬ್ಬಳು,
ಬಿಳಿ ಪಟ್ಟಿಯ ಕಾಲುಚೀಲ ತೊಟ್ಟ ಶಾಲೆ ಹುಡುಗಿಯಂತೆ,
ಹಿಂಗಾಲು ಎತ್ತಿ ಕೂರುತ್ತಾಳೆ.
ಆಮೇಲೆ ಎಲೆ ಸಾಲದು.

"ಕಚ್ಚುವುದೆಲ್ಲ ಹೆಣ್ಣೇ," ಎನ್ನುತ್ತಾಳೆ ಬ್ರಾನ್ವಿನ್, ಗಡಿಯಾರ ನೋಡುತ್ತ.
ಗಂಡಿಗೆ ಹೂವಿನ ರಸ ಸಾಕು.
ಇವಳಿಗೆ ಮೊಟ್ಟೆ ಕಟ್ಟಬೇಕು, ಅದಕ್ಕೆ ರಕ್ತ.
ನಮ್ಮಲ್ಲಿ ಇದಕ್ಕೆ ಬಯಕೆ ಎನ್ನುತ್ತಾರೆ ಎಂದು ಹೇಳಹೋಗಿ
ಇಂಗ್ಲಿಷ್ ಸಿಗದೆ ಸುಮ್ಮನಾದೆ.
ಹುಳಿಮಾವು, ಕೆಮ್ಮಣ್ಣು, ಹುರಿದ ಹುಣಸೆಬೀಜ:
ಬಸುರಿ ಕೇಳಿದ್ದಕ್ಕೆ ಇಲ್ಲ ಎನ್ನಬಾರದು.
ನನಗೆ ಆ ಕೇಳುವ ಸರದಿ ಬರಲಿಲ್ಲ.
ಹೋಗಲಿ.

ಅಮ್ಮಜ್ಜಿ ಹೊತ್ತು ಮುಳುಗುವ ಮೊದಲೇ ಉಂಡು,
ದೀಪಕ್ಕೆ ಜಾಳಿಗೆ ಮುಚ್ಚಿ,
ತೋಳ ಮೇಲೆ ಕೂತ ಸೊಳ್ಳೆಯನ್ನು ಊದುತ್ತಿದ್ದಳು,
ಬಿಸಿ ಹಾಲಿಗೆ ಊದಿದ ಹಾಗೆ.
"ಹೊಡಿಬ್ಯಾಡ. ಅದಕ್ಕೂ ಮನಿ ಐತಿ."
ನಾನು ಅವಳ ಬೆನ್ನ ಹಿಂದೆ ಹೊಡೆದವಳು.
ಎಷ್ಟೋ.

ಹೋದ ಮಳೆಗಾಲ ಪಕ್ಕದ ಅಂಗಡಿಯ ಲರ್ಲೀನ್
ಹನ್ನೊಂದು ದಿನ ಡೆಂಗಿಯಲ್ಲಿ ಬಿದ್ದಿದ್ದಳು.
ಕಣ್ಣಗುಡ್ಡೆಯ ಹಿಂದೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಂತೆ, ಎಂದಳು.
ಅವಳು ಅರ್ಧ ಹೊಲಿದಿದ್ದ ಹೂವಿನ ಅಂಗಿ ನನ್ನ ಕೈಗೆ ಬಂತು.
ಅದನ್ನು ಮುಗಿಸಿದ ದಿನವೇ ಇಲ್ಲಿ ಹೆಸರು ಬರೆಸಿದೆ.
ಈ ಸೊಳ್ಳೆಗಳ ಒಳಗೊಂದು ಕಾಣದ ಜೀವಿ ಕೂತಿದೆಯಂತೆ,
ಅದಿದ್ದಲ್ಲಿ ಜ್ವರದ ಬೀಜಕ್ಕೆ ಜಾಗವಿಲ್ಲ.
ಕಾಗದದ ಪಟ್ಟಿಯ ಮೇಲೆ ಕರಿ ಎಳ್ಳಿನಂತೆ ಮೊಟ್ಟೆ.
ಅಲ್ಲ, ಎಳ್ಳಿಗಿಂತ ಸಣ್ಣ, ಸೀದ ಗಸಗಸೆ.
ಊರ ಹಿತ್ತಲುಗಳಲ್ಲಿ ಬಕೆಟ್ ಇಟ್ಟು ಬಿಡುತ್ತಾರೆ.
ನಾನು ಉಣ್ಣಿಸಿದವರ ಮಕ್ಕಳು ಯಾರ ಯಾರ ಕಿಟಕಿಯಲ್ಲೋ.

ಹದಿನೈದು ನಿಮಿಷ. ಕೈ ತೆಗೆದರೆ
ಮೊಳಕೈಯಿಂದ ಮಣಿಕಟ್ಟಿನವರೆಗೆ ದದ್ದು.
ತುರಿಸಬಾರದು.
ನೋವೆಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ,
ತುರಿಕೆ ಎಂದರೆ ನಗುತ್ತಾರೆ.
ಬುಧವಾರ, ಗಿರಾಕಿ ಇಲ್ಲದ ಹೊತ್ತು ನೋಡಿ,
ಮೇಜಿನ ಅಂಚಿಗೆ ತೋಳು ಉಜ್ಜುತ್ತೇನೆ,
ಕಂಬ ಸಿಕ್ಕ ಎಮ್ಮೆಯ ಹಾಗೆ.

ನಿನ್ನೆ ಮರ್ವ್ ಬಂದ,
ಕಬ್ಬಿನ ರೈಲು ಓಡಿಸಿ ನಿವೃತ್ತನಾದವ,
ಜಿಪ್ಪು ಕೆಟ್ಟ ಚಡ್ಡಿ ಹಿಡಿದು.
ಮಾತಿನ ನಡುವೆ ಕತ್ತಿನ ಮೇಲೆ ಚಟ್!
"ಸಿಕ್ಕಳು!" ಎಂದು ಅಂಗೈ ಚಾಚಿದ:
ಮುರಿದ ಪಟ್ಟೆಗಾಲು, ಒಂದು ಚುಕ್ಕೆ ಕೆಂಪು.
ನನ್ನ ಬಾಯಿಂದ ಅಯ್ಯೋ ಬಂದೇಬಿಟ್ಟಿತು.
ಏನಾಯ್ತು, ಎಂದ.
ಪರಿಚಯದವಳಿರಬಹುದು ಎನ್ನಲೆ?
ಟಿಶ್ಯೂ ಕೊಟ್ಟೆ.
ರಕ್ತ ಅವನದೇ, ಆ ಬಗ್ಗೆ ತಕರಾರಿಲ್ಲ.
ಶುಕ್ರವಾರ ಬಾ, ಹದಿನಾಲ್ಕು ಡಾಲರ್, ಎಂದು
ಚಡ್ಡಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ
ಪುಡಿ ಹಾರಲೆಂದು ಊದಿದೆ,
ಬೇಕಾದ್ದಕ್ಕಿಂತ
ಸ್ವಲ್ಪ ಹೆಚ್ಚು ಹೊತ್ತು.