ಮೂರು ಇಪ್ಪತ್ತು

ದಂಡ ನಲವತ್ತೈದು ನೈರಾ.
ಒಂದು ಮಾತಿಗೆ ಐದರಂತೆ ಒಂಬತ್ತು ಮಾತು.
ಯಾವುವು ಅಂತ ಈಗಲೂ ಗೊತ್ತು:
ನೀರು, ತಾಳು, ನನ್ನದು, ಅಯ್ಯೋ,
ಮತ್ತೆ ಅಯ್ಯೋ, ಬೆರಳು ಬಾಗಿಲಿಗೆ ಸಿಕ್ಕಿತ್ತು.
ಉಳಿದ ನಾಲ್ಕು ಬೈಗುಳ. ಅವು ಬೇಡ.

ಕ್ಲಾಸ್ ಲೀಡರ್ ಒಲಾಗೋಕೆ ಬಲು ಅಚ್ಚುಕಟ್ಟು.
ನನ್ನ ಹೆಸರಿನ ಮುಂದೆ ವರ್ನಾಕ್ಯುಲರ್ ಎಂದು ಬರೆದು
ಸ್ಕೇಲಿಟ್ಟು ಅಡಿಗೆರೆ ಎಳೆದ.
ಅದನ್ನು ನಾನು ಬಹಳ ದಿನ
ಯಾವುದೋ ಚರ್ಮರೋಗ ಅಂದುಕೊಂಡಿದ್ದೆ.

ಇಸೇಯಿನ್ ಸಂತೆಯಲ್ಲಿ ಇಯಾ ಅಗ್ಬಾ, ನನ್ನ ಅಜ್ಜಿ,
ಕೋಲಾ ಬೀಜಗಳನ್ನು ಒದ್ದೆ ಎಲೆಯಲ್ಲಿ ಸುತ್ತುತ್ತಿದ್ದಳು.
'ಎಷ್ಟಂತೆ?'
'ಫಾರ್ಟಿ ಫೈವ್.'
ಹಲ್ಲೇನಾದರೂ ಬಿದ್ದಿದೆಯೇ ಎಂಬಂತೆ
ನನ್ನ ಬಾಯನ್ನೇ ನೋಡಿದಳು.
'ಅಂದರೆ ಎಷ್ಟು?'

ನನಗೆ ಬರಲಿಲ್ಲ.
ನಮ್ಮ ಮಾತಿನಲ್ಲಿ ಇಪ್ಪತ್ತರವರೆಗೆ ದಾರಿ ಗೊತ್ತಿತ್ತು,
ಆಮೇಲೆ ಬರೀ ಧೂಳು.
ಬೆರಳು ಬಿಚ್ಚಿ ತೋರಿಸಿದೆ:
ಹತ್ತು, ಹತ್ತು, ಹತ್ತು, ಹತ್ತು, ಒಂದು ಕೈ.

ಅವಳು ಬುಟ್ಟಿ ತನ್ನತ್ತ ಎಳೆದುಕೊಂಡಳು.
ಇಪ್ಪತ್ತರ ಗುಡ್ಡೆ ಒಂದು. ಇನ್ನೊಂದು. ಮತ್ತೊಂದು.
ಕೊನೆಯದರಿಂದ ಹತ್ತು ತೆಗೆದಳು.
ತುಸು ತಡೆದು ಇನ್ನೈದು.
'ಮಾರುಂಡಿನ್‌ಲಾಡೋಟ' ಅಂದಳು.
ಮೂರು ಇಪ್ಪತ್ತಕ್ಕೆ ಹತ್ತು ಕಡಿಮೆ, ಅದಕ್ಕೂ ಐದು ಕಡಿಮೆ:
ಒಂದೇ ಉಸಿರಿನ ಪದ,
ಒಳಗೆ ಎರಡು ಸಲ ಕಳೆದ ಲೆಕ್ಕ.

'ಹೋಗು, ಮೇಷ್ಟರಿಗೆ ಹೀಗೇ ಹೇಳು.'
'ಹೇಳಿದರೆ ಇನ್ನೈದು ಬೀಳುತ್ತೆ, ಅಜ್ಜಿ.'
'ಬೀಳಲಿ, ಐವತ್ತಾಗುತ್ತೆ. ಅದಕ್ಕೂ ನಮ್ಮಲ್ಲಿ ಪದವಿದೆ.'
ತೆಗೆದ ಐದನ್ನು ಮತ್ತೆ ಗುಡ್ಡೆಗೆ ಸುರಿದು
ಕೋಲಾ ಜಗಿದು ಕೆಂಪಾದ ಹಲ್ಲು ಬಿಟ್ಟು ನಕ್ಕಳು.
ನಗು ಮುಗಿದ ಮೇಲೆ ಸೊಂಟದ ಗಂಟು ಬಿಚ್ಚಿ
ಎರಡು ಅಂಟಿಕೊಂಡಿರಬಾರದೆಂದು ಉಜ್ಜಿ ಉಜ್ಜಿ
ನೋಟು ಎಣಿಸಿದಳು.
ಅವತ್ತಿನ ಲಾಭ ಅಷ್ಟೇ ಇತ್ತು.

ಈಗ ನಾನೇ ಗಣಿತದ ಟೀಚರು.
ಸುತ್ತೋಲೆ ಬಂದಿದೆ: ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸತಕ್ಕದ್ದು.
ಸುತ್ತೋಲೆ ಇಂಗ್ಲಿಷಿನಲ್ಲಿದೆ.
ಪುಸ್ತಕ ಇನ್ನೂ ಬಂದಿಲ್ಲ.
ಕಪಾಟು ಬಂದಿದೆ, ಬೀಗದ ಸಮೇತ.

ನಿನ್ನೆ ಟೆಸ್ಟಿನಲ್ಲಿ ಕೇಳಿದ್ದೆ:
ನಲವತ್ತೈದನ್ನು ಬಿಡಿಸಿ ಬರೆಯಿರಿ.
ನಲವತ್ತು ಕೂಡಿಸು ಐದು, ಅನ್ನುತ್ತದೆ ಉತ್ತರದ ಹಾಳೆ.
ಅಬಿಯೋನಾ ಬರೆದಿದ್ದಾಳೆ:
ಅರವತ್ತು, ಕಳೆ ಹತ್ತು, ಕಳೆ ಐದು.
'ಯಾರು ಹೇಳಿಕೊಟ್ಟರು?'
'ಯಾರೂ ಇಲ್ಲ. ಅದರ ಹೆಸರಲ್ಲೇ ಇದೆಯಲ್ಲ.'

ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ಫಾರ್ಟಿ ಫೈವ್ ತಾನು ಎಲ್ಲಿಂದ ಬಂದೆ ಅಂತ ಹೇಳುವುದಿಲ್ಲ.
ಅಜ್ಜಿಯ ಎಣಿಕೆಯಲ್ಲಿ
ತೆಗೆದಿಟ್ಟ ಹದಿನೈದೂ ಪಕ್ಕದಲ್ಲೇ ಇರುತ್ತಿದ್ದವು,
ಎಲೆಯ ಮೇಲೆ, ತೇವ ಆರದೆ.
ಅವೂ ಅವಳವೇ.

ಹುಡುಗಿ ಮೇಜಿನ ಹತ್ತಿರ ಒಂಟಿ ಕಾಲಲ್ಲಿ ನಿಂತು ಕಾಯುತ್ತಿದ್ದಾಳೆ.
'ತಪ್ಪಾ, ಟೀಚರ್?'
ಕೇಳಿದ್ದು ನಮ್ಮ ಮಾತಿನಲ್ಲಿ.
ಕೇಳಿದವಳೇ
ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.