ಕಾಲ್ಗುಣ

ಎರಡು ದಿನದಿಂದ ನೆನೆಯುತ್ತಿವೆ
ನೀಲಿ ಬಕೆಟ್ಟಿನಲ್ಲಿ ಈ ಕರಿಯ ಗುಂಡುಗಳು.
ಮೂಟೆಯಿಂದ ಸುರಿದಾಗ ಬೆಣಚುಕಲ್ಲಿನ ಸದ್ದು,
ಈಗ ಅದುಮಿದರೆ ಕಿವಿಹಾಲೆಯ ಮೆತ್ತಗೆ.

"ನೀರು ಎಷ್ಟು ಸಲ ಚೆಲ್ಲಿದೆ?"
ಒಳಕೋಣೆಯಿಂದ ಅತ್ತೆ.
ಐದು.
"ಆರು."

ಇಲಾರಿಯಾ ಅತ್ತೆಯ ಬಲಗಾಲು
ಮೊಣಕಾಲ ತನಕ ಪ್ಲಾಸ್ಟರ್ ತೊಟ್ಟು
ಮೂರು ಕಂಬಳಿಗಳ ಮೇಲೆ ಕೂತು ಮನೆ ಆಳುತ್ತಿದೆ.
ಸೂರು ಸೋರುತ್ತದೆಂದು
ಅರವತ್ತೊಂಬತ್ತರಲ್ಲಿ ಏಣಿ ಹತ್ತಿದವಳು.
ಇವತ್ತು ಅದೇ ಸೂರಿಗೆ ಹೊಸ ಇಚು ಹುಲ್ಲು ಹೊದಿಸಲು
ಏಳು ಜನ ಬರುತ್ತಾರೆ,
ಕೂಲಿಗಲ್ಲ, ಮುಯ್ಯಿಗೆ.
ಹೋದ ವರ್ಷ ಮೆಲಿತೊನನ ಗೋಡೆಗೆ
ನನ್ನ ಗಂಡ ಸೆವೆರೊ ಮಣ್ಣು ಕಲಸಿದ್ದ.
ಮುಯ್ಯಾಳಿನ ಹೊಟ್ಟೆ ತುಂಬದಿದ್ದರೆ
ಹೊದಿಸಿದ ಹುಲ್ಲು ಮೊದಲ ಗಾಳಿಗೇ ಹಾರುತ್ತದಂತೆ.
ಅಂತೆ ಏನು, ಹಾರುತ್ತದೆ,
ಅತ್ತೆ ಹೇಳಿದ ಮೇಲೆ.

ಹೊರಗೆ ಇನ್ನೂ ನಕ್ಷತ್ರ.
ಲಾಮಾದ ಹಿಕ್ಕೆ ಒಲೆಯಲ್ಲಿ ನಿಧಾನ ಕೆಂಪಾಗುತ್ತದೆ.
ಈ ಒರುರೊ ಬಯಲಿನ ಎತ್ತರದಲ್ಲಿ
ನೀರು ಬೇಗ ಕುದಿಯುತ್ತದೆ,
ಯಾವುದೂ ಬೇಗ ಬೇಯುವುದಿಲ್ಲ.

ನಾನು ಕೆಳಗಿನ ಕಣಿವೆಯವಳು.
ನಮ್ಮಲ್ಲಿ ಜೋಳ, ಪೀಚ್ ಮರ, ಬರಿಗಾಲಿಗೆ ಬೆಚ್ಚನೆ ಮಣ್ಣು.
ಮದುವೆಯಾಗಿ ಬಂದ ಮರುಬೆಳಗ್ಗೆ
ತಟ್ಟೆಗೆ ಈ ಚುನ್ಯೊ ಬಿತ್ತು.
"ಹಳೇ ಚಪ್ಪಲಿಯ ವಾಸನೆ" ಅಂದೆ.
ಕೆಚುವಾದಲ್ಲಿ ಅಂದದ್ದು, ಅತ್ತೆಯದು ಐಮಾರಾ,
ತಿಳಿಯಲಿಲ್ಲ ಅಂದುಕೊಂಡು ಅಗಿದೆ.
"ಚಪ್ಪಲಿ ಬಿಚ್ಚಿಯೇ ತುಳಿದದ್ದು" ಅಂದಳು
ನನ್ನದೇ ಭಾಷೆಯಲ್ಲಿ.

ಹೊಸ ಸೊಸೆಯ ಕಾಲ್ಗುಣ ನೋಡುತ್ತಾರೆ ಎಲ್ಲೆಲ್ಲೂ.
ನನ್ನ ಅತ್ತೆ ನಿಜಕ್ಕೂ ನೋಡಿದಳು.

ಅದು ಜೂನ್.
ಆಲೂಗಡ್ಡೆಗಳನ್ನು ಬಯಲಿಗೆ ಹರವಿ ಬಂದೆವು,
ನಾಲ್ಕು ರಾತ್ರಿ ಹಿಮ ಅವನ್ನು ಕಚ್ಚಿತು,
ನಾಲ್ಕು ಹಗಲು ಬಿಸಿಲು ಬಿಡಿಸಿತು.
ಐದನೆಯ ಬೆಳಗ್ಗೆ ಪುಟ್ಟ ಪುಟ್ಟ ರಾಶಿ ಮಾಡಿ
ಲಂಗ ಎತ್ತಿ ಸಿಕ್ಕಿಸಿ ಅತ್ತೆ ಹತ್ತಿ ನಿಂತಳು.
ಹಿಮ್ಮಡಿ ಊರಬೇಕು, ತಿರುಗಿಸಬೇಕು,
ಬೀಡಿ ಹೊಸಕುವ ಹಾಗಲ್ಲ,
ಕೂಸಿನ ಬೆನ್ನು ನೀವುವ ಹಾಗೆ.
ನೀರು ಹೊರಡಬೇಕು, ಗಡ್ಡೆ ಉಳಿಯಬೇಕು.

ನನ್ನ ರಾಶಿಯಲ್ಲಿ ಗಡ್ಡೆ ಹೊರಟಿತು.
ಅರ್ಧಕ್ಕರ್ಧ ಒಡೆದು ಪಿಚಕ್ಕೆಂದವು,
ಕಾಲ್ಬೆರಳು ಎಲ್ಲಿವೆಯೆಂದು ನನಗೇ ಗೊತ್ತಿಲ್ಲದಷ್ಟು ಚಳಿ.
ಅತ್ತೆ ನನ್ನ ಪಾದ ಎತ್ತಿ, ತಿರುಗಿಸಿ,
ಸಂತೆಯಲ್ಲಿ ಕುರಿಯ ಹಲ್ಲು ನೋಡುವಂತೆ ನೋಡಿ
"ಮೆತ್ತಗಿದೆ" ಅಂದಳು.
ಬೈಗುಳವೋ ಏನೋ.
ನನ್ನವು ಬೇರೆ ಮೂಟೆಗೆ ಹೋದವು,
ಬಾಯಿಗೆ ಕೆಂಪು ದಾರ.

ನಿನ್ನೆಯಲ್ಲ, ಮೊನ್ನೆ,
ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಆ ಕೆಂಪು ದಾರವೇ.
ಬಿಚ್ಚಿದ ಮೇಲೆ ತಿಳಿಯಿತು.
ಹೇಳಲಿಲ್ಲ.

ಅಂಗೈಗಳ ನಡುವೆ ಒಂದೊಂದನ್ನೂ ಹಿಂಡುತ್ತೇನೆ,
ಕಂದು ನೀರು ಇಳಿಯುತ್ತದೆ, ಕಹಿ ಅದರ ಜೊತೆ.
ಚೂರಾದವೇ ಆದ್ದರಿಂದ ಮುರಿಯುವ ಕೆಲಸವಿಲ್ಲ.
ಹಬೆಯಲ್ಲಿ ಬೆಂದವನ್ನು ಈರುಳ್ಳಿಯ ಮೇಲೆ ಸುರಿದು,
ಒಂಬತ್ತು ಮೊಟ್ಟೆ ಒಡೆದು,
ಚೀಸನ್ನು ಬೆರಳಲ್ಲೇ ಉದುರಿಸಿ,
ಕಲ್ಲಿನ ಮೇಲೆ ಖಾರ ಅರೆಯುವಷ್ಟರಲ್ಲಿ
ಬಾಗಿಲಲ್ಲಿ ಏಳು ಟೋಪಿ, ಏಳು ಬಾಯಿಯ ಹೊಗೆ.

ಮಾತಿಲ್ಲ. ಚಮಚಗಳ ಸದ್ದು.
ಒಡಕು ಚೂರುಗಳ ಸಂದಿಗೆಲ್ಲ ಮೊಟ್ಟೆ ಇಳಿದು ಕೂತಿದೆ,
ಇಡೀ ಗಡ್ಡೆಯಲ್ಲಿ ಹೀಗೆ ಇಳಿಯುತ್ತಿರಲಿಲ್ಲ.
ಎರಡನೆಯ ಸಲ ತಟ್ಟೆ ಚಾಚುತ್ತ ಮೆಲಿತೊನ್
ಒಳಕೋಣೆಗೆ ಕೂಗಿದ:
"ಇಲಾರಿಯಾ, ಮುರಿದರೂ ನಿನ್ನ ಕಾಲಿಗೆ ಸಮನಿಲ್ಲ!"

ಸ್ವಲ್ಪ ಹೊತ್ತು ಏನೂ ಇಲ್ಲ.

"ಅದು ನನ್ನ ಕಾಲಲ್ಲ" ಅಂದಿತು ಕೋಣೆ,
ಮತ್ತೆ, "ಉಪ್ಪು ಕಡಮೆ.
ನನಗೂ ಇನ್ನೊಂದು ತಟ್ಟೆ ತಾ."